ಸತ್ತವನು ಕೊಟ್ಟ ಗ್ಯಾರಂಟಿ

ದೀಪ ಸಣ್ಣಗೆ ಮಾಡಿ, ಹತ್ತಿರ ಬನ್ನಿ. ಹೆದರುವವರು ನನ್ನ ಬಲಗಡೆ ಕೂತ್ಕೊಳ್ಳಿ. ಎಡಗಡೆ ನಾನೇ ಹೆದರ್ತೀನಿ.

ನನ್ನ ಚಿಕ್ಕಪ್ಪನ ಮಗ ಗಾಡಿ ವೈರಿಂಗ್ ಮೆಕ್ಯಾನಿಕ್. ಎಲ್ಲರೂ ಕರೆಯೋದು ಮೊಂಡ ಅಂತ. ಮೊಂಡುತನದಲ್ಲಿ ನಮ್ಮ ಮನೆತನಕ್ಕೇ ಎರಡನೆಯವನು. ಮೊದಲನೆಯವನು ಯಾರು ಅಂತ ನನ್ನ ಬಾಯಿಂದಲೇ ಬಂದರೆ ಚೆನ್ನಾಗಿರಲ್ಲ.

ಆ ರಾತ್ರಿ ಕೆಲಸ ಮುಗಿಸಿ ಹಳೇ ಬಾವಿಯ ದಾರೀಲಿ ನಡೆದು ಬರ್ತಿದ್ದ. ಬಾವಿ ಪಕ್ಕ ಆಂಬುಲೆನ್ಸ್ ನಿಂತಿತ್ತು. ಡ್ರೈವರ್ ನಮ್ಮ ಪಕ್ಕದ ಮನೆಯವನೇ, ರಾತ್ರಿ ಪಾಳಿ ಇದ್ದರೆ ಗಾಡಿಯೊಳಗೇ ಮಲಗ್ತಾನೆ. ಅವತ್ತು ಬೆಳಿಗ್ಗೆ ಅಂಗಡೀಲಿ ಒಂದು ಬೂಸ್ಟರ್ ಕೊಂಡಿದ್ದ. ಹೆಬ್ಬೆರಳಷ್ಟು ಸಾಮಾನು. ಸ್ಟೀರಿಂಗ್ ಕೆಳಗೆ ಒಂದು ಫ್ಯೂಸ್ ಜಾಗದಲ್ಲಿ ಸಿಕ್ಕಿಸಿದರೆ, ಬ್ಯಾಟರಿ ಸೊರಗಿದೆ ಅಂತ, ಅದಕ್ಕೆ ಚಾರ್ಜ್ ತುಂಬೋ ಆಲ್ಟರ್ನೇಟರಿಗೆ ಸುಳ್ಳು ಹೇಳುತ್ತೆ. ಅದು ನಂಬಿ ಇನ್ನಷ್ಟು ವೋಲ್ಟೇಜ್ ತುಂಬುತ್ತೆ, ದೀಪ ಝಗಮಗ. ಡಬ್ಬಿ ಮೇಲೆ ದಪ್ಪ ಅಕ್ಷರ: 'ಎಲ್ಲ ಗಾಡಿಗೂ ಸುರಕ್ಷಿತ.'

"ನಿನ್ನ ಹಳೇ ಬ್ಯಾಟರಿ ಕುದಿಯುತ್ತೆ ಕಣೋ. ನಾನು ಹಾಕಲ್ಲ," ಅಂದಿದ್ದ ಮೊಂಡ.

"ಹಾಕಬೇಡ ಬಿಡಪ್ಪ. ಒಂದೇ ನಿಮಿಷದ ಕೆಲಸ ಅಂತ ಬರೆದಿದೆ," ಅಂತ ಡ್ರೈವರ್ ತಾನೇ ಸಿಕ್ಕಿಸಿಕೊಂಡಿದ್ದ.

ಮೊಂಡ ಬಾವಿ ಹತ್ತಿರ ಬಂದ... ಎಂಜಿನ್ ಗುರ್ರ್ ಅಂತಿದೆ. ಬಾನೆಟ್ಟಿನೊಳಗೆ ಗುಳುಗುಳು... ಗುಳುಗುಳು... ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿ ಕುದೀತಿದೆ. ಆ ಗ್ಯಾಸಿಗೆ ಒಂದು ಕಿಡಿ ಸಾಕು, ಸಿಡಿಯುತ್ತೆ. ಒಳಗೆ ಡ್ರೈವರ್, ಅವನ ತಲೆ ಹತ್ತಿರವೇ ಆಕ್ಸಿಜನ್ ಸಿಲಿಂಡರ್.

ಬಾನೆಟ್ ಮೇಲೆ ಯಾರೋ ಕೂತಿದ್ದಾರೆ. ಇಸ್ತ್ರಿ ಅಂಗಿ, ಕಂಕುಳಲ್ಲಿ ಕೈಚೀಲ... ಇದೇ ಬೂಸ್ಟರನ್ನ ಊರಿಗೆಲ್ಲ ಮಾರ್ತಿದ್ದ ಏಜೆಂಟ್. ಹೋದ ತಿಂಗಳು ತನ್ನದೇ ಗಾಡಿಯ ಬ್ಯಾಟರಿ ಸಿಡಿದು ಸತ್ತವನು.

"ತೆಗೀಬೇಡಿ ಸಾರ್..." ಪಿಸುಗುಟ್ಟಿತು. "ಒಂದು ವರ್ಷ ಗ್ಯಾರಂಟಿ ಇದೆ."

"ನೀನೇ ಒಂದು ವರ್ಷ ಬಾಳಿಕೆ ಬರಲಿಲ್ಲ."

"ಕತ್ತಲು ಸಾರ್... ಕಡ್ಡಿ ಗೀರಲಾ?" ಬೆಂಕಿಪೊಟ್ಟಣ ಅಲ್ಲಾಡಿತು... ಗಿಲಿಗಿಲಿ.

ಮೊಂಡನ ನಾಲಿಗೆ ನಡುಗಲಿಲ್ಲ, ನಮ್ಮ ರಕ್ತ ನೋಡಿ.

"ಗೀರು," ಅಂದ. "ನಾನೂ ದೆವ್ವ ಆಗ್ತೀನಿ. ನಿನ್ನ ಪಕ್ಕದಲ್ಲೇ ಕೂತು, ನಿನ್ನ ಒಬ್ಬೊಬ್ಬ ಗಿರಾಕಿಗೂ ನಿಜ ಹೇಳ್ತೀನಿ."

ಗಿಲಿಗಿಲಿ ನಿಂತಿತು. ಬಾನೆಟ್ ಮೇಲೆ ಯಾರೂ ಇಲ್ಲ.

ಗುಳುಗುಳು ಮಾತ್ರ ನಿಲ್ಲಲಿಲ್ಲ. ಮುಂದಿನ ಬಾಗಿಲು ತೆಗೆದು, ಎಂಜಿನ್ ಆಫ್ ಮಾಡೋಣ ಅಂತ ಕೈ ಹಾಕಿದ... ಕೀ ಇಲ್ಲ. ಸ್ಟೀರಿಂಗ್ ಕೆಳಗೆ ತಡಕಿ ಬೂಸ್ಟರ್ ಕಿತ್ತ. ಪಟಕ್. ಎಂಜಿನ್ ನಿಂತಿತು. ಆ ಫ್ಯೂಸ್ ಕಿತ್ತರೆ ಎಂಜಿನ್ ನಿಲ್ಲೋದಿಲ್ಲ, ಯಾವ ಮೆಕ್ಯಾನಿಕ್‌ನ ಬೇಕಾದರೂ ಕೇಳಿ.

ಡ್ರೈವರ್ ಕಣ್ಣುಜ್ಜುತ್ತಾ ಇಳಿದು ಬಂದ. "ಸರಿರಾತ್ರೀಲಿ ನನ್ನ ಬೂಸ್ಟರ್ ಕದಿಯೋಕೆ ಬಂದ್ಯಾ?"

"ಎಂಜಿನ್ ಯಾಕೋ ಓಡಿಸಿಟ್ಟಿದ್ದೆ?"

"ಸಂಜೇನೇ ಆಫ್ ಮಾಡಿದ್ದೀನಲ್ಲೋ. ನೋಡು, ಕೀ ಜೇಬಲ್ಲೇ ಇದೆ."

ಇಬ್ಬರೂ ಬಾನೆಟ್ ಮುಟ್ಟಿ ನೋಡಿದರು. ತಣ್ಣಗಿತ್ತು.

ಬಾನೆಟ್ ಎತ್ತಿ, ಬ್ಯಾಟರಿಯ ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟರು. ಒಳಗೆ ಒಂದು ಹನಿ ನೀರೂ ಇರಲಿಲ್ಲ.

ನಾನು ಸಾವಿರ ಸುಳ್ಳು ಹೇಳಿರಬಹುದು. ಇದು ನಡೆದದ್ದು.