ಬೀಟಲ್ಸ್, ಸ್ಟೋನ್ಸ್ ಮತ್ತು ನಮ್ಮ ಮೇಲ್ಮನೆ

ಮಾನ್ಯ ಹಿರಿಯರೇ, ಅತ್ತಿಗೆ, ಮಗಳೇ, ಕೆಲಸ ನಿಲ್ಲಿಸಿ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಬಂದಿರುವ ನನ್ನ ಜೊತೆಗಾರರೇ — ಎಲ್ಲರಿಗೂ ನಮಸ್ಕಾರ.

ನನ್ನ ಗೆಳೆಯನ ಈ ಶ್ರದ್ಧಾಂಜಲಿ ಸಭೆಗೆ ಬರುವಾಗ ಬಾಗಿಲಲ್ಲಿ ಅವನ ತಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದ. "ನಮ್ಮಣ್ಣ ಸಾಯ್ತಾ ಇದ್ದಾಗ ನೀವು ವಾಕಿಟಾಕೀಲಿ ಅವನನ್ನ ಬೈತಾ ಇದ್ರಂತೆ. ಹೌದಾ?" ಎಂದ.

ಹೌದು. ಬೈದೆ. ಸೈಟಿನವರೆಲ್ಲ ಕೇಳಿಸಿಕೊಂಡಿದ್ದಾರೆ, ಮುಚ್ಚಿಡುವಂಥದ್ದು ಏನೂ ಇಲ್ಲ. ಯಾಕೆ ಬೈದೆ — ಅದನ್ನು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ಅವನು ಕ್ರೇನ್ ಆಪರೇಟರ್. ಬೆಳಿಗ್ಗೆ ಏಣಿ ಹತ್ತಿ ಆ ಗಾಜಿನ ಗೂಡು ಸೇರಿದರೆ ಊಟಕ್ಕೇ ಇಳಿಯುವುದು. ನಾನು ಕೆಳಗೆ ನಿಂತು ಎತ್ತು, ಇಳಿಸು, ಎಡಕ್ಕೆ ತಿರುಗಿಸು ಎಂದು ವಾಕಿಟಾಕಿಯಲ್ಲಿ ಹೇಳುವವನು. ಅದಕ್ಕೇ ಅವನಿಗೆ ಮೇಲ್ಮನೆ, ನನಗೆ ಕೆಳಮನೆ ಎಂದು ಹೆಸರು ಬಿದ್ದಿತ್ತು. ವರ್ಷಗಟ್ಟಲೆ ಎರಡೂ ಮನೆಗಳಲ್ಲಿ ನಡೆದದ್ದು ಒಂದೇ ಚರ್ಚೆ — ಇಂಗ್ಲೆಂಡಿನ ಹಾಡಿನ ತಂಡಗಳಲ್ಲಿ ಬೀಟಲ್ಸ್ ದೊಡ್ಡವರೋ, ರೋಲಿಂಗ್ ಸ್ಟೋನ್ಸ್ ದೊಡ್ಡವರೋ? ಅವನು ಬೀಟಲ್ಸ್ ಕಡೆ, ನಾನು ಸ್ಟೋನ್ಸ್ ಕಡೆ. ಊಟದ ಡಬ್ಬಿ ತೆರೆದರೆ ಶುರು. "ಹಾಡು ಕಟ್ಟೋರು ನಮ್ಮೋರು, ಬರೀ ಕುಣಿಯೋರು ನಿಮ್ಮೋರು" ಎಂದು ಅವನು. "ನಿಮ್ಮೋರು ತಂಡ ಒಡ್ಕೊಂಡು ಅರ್ಧಕ್ಕೇ ಅಂಗಡಿ ಮುಚ್ಚಿದ್ರು, ನಮ್ಮೋರು ಮುದುಕರಾದ್ರೂ ಗಿಟಾರ್ ಕೆಳಗಿಡಲಿಲ್ಲ" ಎಂದು ನಾನು. ನಗುತ್ತೀರಿ, ನಗಿ. ನಮಗದು ನಗುವ ವಿಷಯವಾಗಿರಲಿಲ್ಲ.

ಆ ದಿನ ಅವನು ಕಬ್ಬಿಣದ ಬುಟ್ಟಿಯಲ್ಲಿ ಇಬ್ಬರು ವೆಲ್ಡರ್‌ಗಳನ್ನು ಗೋಡೆಯ ತುದಿಯವರೆಗೆ ಎತ್ತಿ ನಿಲ್ಲಿಸಿದ್ದ. ಗಾಳಿ ಎದ್ದಿತು. ಇಳಿಸು ಎಂದೆ. ಬುಟ್ಟಿ ಕದಲಲಿಲ್ಲ. ಮತ್ತೆ ಕರೆದೆ.

"ಎದೆ ಹಿಂಡ್ತಾ ಇದೆ ಕಣೋ... ಕಣ್ಣು ಮಂಜು..."

ಮಾತು ತೊದಲುತ್ತಿತ್ತು. ಬುಟ್ಟಿ ಗೋಡೆಗೆ ಬಡಿಯಿತು — ಧಡ್! — ಒಳಗಿದ್ದವರು ಕಂಬಿ ತಬ್ಬಿಕೊಂಡು ಕೂತುಬಿಟ್ಟರು. ನಮ್ಮವರು ಏಣಿಗೆ ಓಡಿದರು. ಆದರೆ ಆ ಏಣಿಯ ಉದ್ದ ನಿಮಗೆ ಗೊತ್ತು. ಅಷ್ಟರಲ್ಲಿ ಅವನಿಗೆ ಪ್ರಜ್ಞೆ ತಪ್ಪಿದರೆ ಬುಟ್ಟಿ ಅಲ್ಲೇ ನೇತಾಡುತ್ತದೆ, ಗಾಳಿ ಅದನ್ನು ಗೋಡೆಗೆ ಜಜ್ಜುತ್ತದೆ.

"ಧೈರ್ಯ ತಗೋ" ಎಂದೆ. "ಮಗಳನ್ನ ನೆನೆಸ್ಕೋ" ಎಂದೆ. ಬುಟ್ಟಿ ಅಲ್ಲೇ ತೂಗುತ್ತಿತ್ತು. ಆಗ ಕಿರುಚಿದೆ — "ಲೋ ಮೇಲ್ಮನೆ! ನಿನ್ನ ಬೀಟಲ್ಸ್‌ನೋರು ಅರ್ಧಕ್ಕೇ ಬಿಟ್ಟು ಎದ್ದುಹೋದ ಹೇಡಿಗಳು! ನೀನೂ ಅದೇ ಪೈಕಿ!"

ಒಂದು ಉಸಿರು ಕೇಳಿಸಿತು.

"ಯಾರೋ... ಹೇಡಿ?"

"ನೀನೇ! ಅಲ್ಲ ಅಂದ್ರೆ ಹ್ಯಾಂಡಲ್ ಹಿಡಿ. ಎಡಕ್ಕೆ ತಿರುಗಿಸು!"

ಕ್ರೇನಿನ ತೋಳು ಅಲುಗಿತು. ಬುಟ್ಟಿ ಗೋಡೆಯಿಂದ ದೂರ ಸರಿಯಿತು. ಅವನು ಸುಮ್ಮನಾದಾಗಲೆಲ್ಲ ಬೈದೆ. ಬಾಯಿಗೆ ಬಂದಂತೆ ಬೈದೆ. ಅವನು ಗೊಣಗುತ್ತ, ಏದುಸಿರು ಬಿಡುತ್ತ ಇಳಿಸಿದ. ನಿಲ್ಲಿಸಿದ. ಮತ್ತೆ ಬೈದೆ, ಮತ್ತೆ ಇಳಿಸಿದ. ಬುಟ್ಟಿ ನೆಲ ಮುಟ್ಟಿತು. ವೆಲ್ಡರ್‌ಗಳು ಹೊರಗೆ ಹಾರಿದರು — ಅಗೋ, ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ, ನೋಡಿ.

ಆಗ ಅವನು ಹೇಳಿದ: "ಅರ್ಧಕ್ಕಲ್ವೋ... ಮುಗಿಸಿ ಹೋದ್ರು."

ಅದೇ ಕೊನೆಯ ಮಾತು. ನಮ್ಮವರು ಗೂಡು ತಲುಪುವವರೆಗೂ ನಾನು ಒಬ್ಬನೇ ವಾದ ಮಾಡುತ್ತಲೇ ಇದ್ದೆ. ತಲುಪಿದಾಗ ಅವನು ಇರಲಿಲ್ಲ.

ತಮ್ಮಾ, ನಡೆದದ್ದು ಇಷ್ಟು. ಅವನನ್ನು ಎಚ್ಚರವಾಗಿಡಲು ನನಗೆ ಬೇರೆ ದಾರಿ ಹೊಳೆಯಲಿಲ್ಲ. ಇನ್ನೂ ಸಿಟ್ಟಿದ್ದರೆ ಇರಲಿ, ನಾನು ಬೇಡ ಎನ್ನುವುದಿಲ್ಲ.

ನಿನ್ನೆ ಅವನ ಮಗಳು ಕೇಳಿದಳು, "ಕೊನೇ ಮಾತು ಅಪ್ಪಂದೇ. ಹಾಗಾದ್ರೆ ಅಪ್ಪನೇ ಗೆದ್ರು ಅಲ್ವಾ ಮಾಮ?" ನಾನು ಇಲ್ಲ ಎಂದೆ. ಸತ್ತನೆಂದು ಸೋತುಕೊಟ್ಟರೆ ಅದು ಅವನಿಗೆ ಅವಮಾನ. ಅವಳು ಕಣ್ಣು ಒರೆಸಿಕೊಂಡು, ಥೇಟ್ ಅವನ ಹಾಗೇ ಸೊಂಟಕ್ಕೆ ಕೈಯಿಟ್ಟು ನನ್ನ ಮೇಲೆ ವಾದಕ್ಕೇ ನಿಂತಳು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವನ ಎದುರು ನಾನು ಯಾವತ್ತೂ ಬಾಯಿ ಮುಚ್ಚಿಕೊಂಡು ನಿಂತವನಲ್ಲ. ಒಬ್ಬನಿಂದ ಆಗುವುದಿಲ್ಲ — ಸ್ವಲ್ಪ ಹೊತ್ತು ನನ್ನ ಜೊತೆ ಸುಮ್ಮನೆ ನಿಲ್ಲಿ.