ನೆಗ್ಗಿಸಿದ ಸೌಟು

"ಹಲೋ... ಯಾರು ಮಾತಾಡುವುದು? ... ಯತಿನಾ? ಕಂಪೆನಿಯ ಠಾಣೆ ಆಫೀಸಿನ ನಂಬರು ಕಂಡು, ಮಾಲೀಕರೇ ನನಗೆ ಊಟ ಆಯ್ತಾ ಅಂತ ಕೇಳ್ಲಿಕ್ಕೆ ಫೋನ್ ಮಾಡಿದ್ರೋ ಅಂದ್ಕೊಂಡೆ ಮಾರಾಯ."

ಕಿಟ್ಟಣ್ಣನ ಗಂಟಲಿಗೆ ಫೋನೇ ಬೇಕಿರಲಿಲ್ಲ. ಮುಂಬಯಿ ಹತ್ತಿರದ ಶಹಾಡಿನ ಕಾರ್ಖಾನೆಯಲ್ಲಿ ತಾನು ನಡೆಸುವ ಕ್ಯಾಂಟೀನಿನಲ್ಲಿ ಅವನು ಕೆಮ್ಮಿದರೆ ಠಾಣೆ ಊರಿನ ಕೆರೆಯಲ್ಲಿ ಅಲೆ ಏಳುತ್ತಿತ್ತು. ಅವನ ಸಾಂಬಾರಿನ ಪರಿಮಳಕ್ಕೆ ಫಾಸ್ಟ್ ಲೋಕಲ್ ರೈಲುಗಳೂ ನಡುದಾರಿಯಲ್ಲಿ ನಿಂತದ್ದುಂಟು. ಅಂಥವನು ಈಗ ನೆಲದಲ್ಲಿ ಕುಳಿತು, ಕಿವಿಗೂ ಭುಜಕ್ಕೂ ನಡುವೆ ಮೊಬೈಲು ಸಿಕ್ಕಿಸಿಕೊಂಡು, ಸಾಂಬಾರಿನ ಸೌಟೊಂದನ್ನು ಸುತ್ತಿಗೆಯಿಂದ ಬಡಿಯುತ್ತಿದ್ದ. ಆಚೆ ತುದಿಯಲ್ಲಿದ್ದವನು ತಂಗಿ ಅಕ್ಕುವಿನ ಮಗ ಯತಿನ; ಅದೇ ಕಂಪೆನಿಯಲ್ಲಿ ಕ್ಯಾಂಟೀನು ನೋಡಿಕೊಳ್ಳುವ ಆಫೀಸರು.

"... ಸದ್ದಾ? ಏನಿಲ್ಲ, ಪಾತ್ರೆ ಕೆಲಸ. ನೀನು ಹೇಳು... ಹಾಂ... ಹಾಂ... ಹೊಣೆ ಯಾರು? ನಾನಾ?"

ಆದದ್ದು ಇಷ್ಟು. ಕಂಪೆನಿ ಕ್ಯಾಂಟೀನಿನ ಖರ್ಚು ಕಡಿತ ಮಾಡಿತ್ತು. ಅದೇ ವರ್ಷ ಮಾಲೀಕರು ಕಟ್ಟಿಸಿದ ಮನೆ ಎಷ್ಟು ಎತ್ತರವೆಂದರೆ, ಕೆಳಗಿನ ಮಹಡಿಯಲ್ಲಿ ಮಳೆ ಬಂದರೆ ಮೇಲಿನವರಿಗೆ ಸುದ್ದಿ ಮುಟ್ಟುವಾಗ ಬೇಸಗೆ. ಇತ್ತ ಗುತ್ತಿಗೆ ಕೆಲಸಗಾರರ ಸಾಲಿಗೆ ಬೇರೆ ಸೌಟು ಬಂತು, ತಳವನ್ನು ಒಳಕ್ಕೆ ನೆಗ್ಗಿಸಿದ್ದು. ಹೋಟೆಲಿನವರ ಹಳೆಯ ಉಪಾಯ: ತುಂಬಿದಂತೆ ಕಾಣುತ್ತದೆ, ಅರ್ಧವೇ ಹಿಡಿಯುತ್ತದೆ. ನಿನ್ನೆ ಗುತ್ತಿಗೆ ಸಾಲಿನ ಗುರಮ್ಮ ಕಾಯಂ ಕೆಲಸಗಾರರ ಸಾಲಿನ ಸೌಟನ್ನು ಕಸಿದು, ಅದರ ತುಂಬ ಸಾಂಬಾರು ತೆಗೆದು ಈ ನೆಗ್ಗಿದ ಸೌಟಿಗೆ ಸುರಿದಳು. ಅರ್ಧ ನೆಲಕ್ಕೆ ಚೆಲ್ಲಿತು. "ನಮ್ಮ ಹೊಟ್ಟಿನೂ ಹಿಂಗ ಒಳಗ ಹೋಗೇತೇನ್ರಿ ಯಜಮಾನ್ರ?" ಎಂದಳು. ಎಲ್ಲರೂ ಕೆಲಸ ಬಿಟ್ಟು ಗೇಟಿಗೆ ಬಂದರು, ಕಾರ್ಖಾನೆ ನಿಂತಿತು.

ಈಗ ಕಿಟ್ಟಣ್ಣ ಗೇಟಿನಲ್ಲಿ ನಿಂತು, ಇದೆಲ್ಲ ತನ್ನೊಬ್ಬನ ದುರಾಸೆ ಎಂದು ಹೇಳಬೇಕಂತೆ. ಹೇಳಿದರೆ ಅವನ ಕ್ಯಾಂಟೀನು ಹೋಗುತ್ತದೆ, ಹೇಳದಿದ್ದರೆ ಯತಿನನ ಕೆಲಸ.

"... ಅಲ್ಲ, ಕಡಿತ ಮಾಡಿದ್ದು ಯಾರು? ... ಮೇಲಿನವರು. ಅವರಿಗೆ ಹೇಳಿದ್ದು? ... ಅವರ ಮೇಲಿನವರು. ... ಕಂಪೆನಿಯ ಶೇರು ಕೊಂಡವರಾ? ಅವರಿಗೆ ಮುಖ ಅಂತ ಒಂದು ಉಂಟಾ? ... ಹಾಂ, ಸಿಸ್ಟಮ್ಮು. ಮೇಲೆ ಹೋದ ಹಾಗೆ ಸಿಸ್ಟಮ್ಮು, ಕೆಳಗೆ ಇಳಿದ ಹಾಗೆ ಕಿಟ್ಟಣ್ಣ. ಒಳ್ಳೆ ಲಿಫ್ಟು ಮಾಡಿಟ್ಟಿದ್ದೀರಿ, ಅಲ್ವಾ?"

"... ಕೈ ನನ್ನದೇ. ನಾನು ಇಲ್ಲ ಅಂದೆನಾ? ಆಗುವುದಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಹೆದರಿದೆ... ಆದ್ರೆ ಯತಿನಾ, ನಾನು ಬಡಿಯುವಾಗ ಸೌಟು ಅಲುಗದ ಹಾಗೆ ಹಿಡ್ಕೊಂಡದ್ದು ಯಾರು? ... 'ಇನ್ನೂ ಸ್ವಲ್ಪ ಮಾವ' ಅಂದದ್ದು?"

ಕಿಟ್ಟಣ್ಣ ಸೌಟನ್ನು ತಿರುಗಿಸಿ ನೋಡಿದ. ಸೌಟಿನ ನೆಗ್ಗು ಹೊರಗೆ ಬಂದಿತ್ತು. ಎಷ್ಟು ಬಡಿದರೂ ತಳ ಮಾತ್ರ ಮೊದಲಿನಂತೆ ಗುಂಡಗಾಗಲಿಲ್ಲ.

"... ನಾಳೆ ಊಟದ ಹೊತ್ತಿಗೆ ಗುರಮ್ಮನ ಎದುರು ಹೇಳ್ತೇನೆ, ಬಡಿದದ್ದು ನಾನು ಅಂತ. ಕ್ಯಾಂಟೀನು ಬೇಕಾದ್ರೆ ತಕೊಳ್ಳಿ. ನೀನು ಪಕ್ಕದಲ್ಲಿ ನಿಂತು, ಹಿಡಿದದ್ದು ನಾನು ಅಂತ ಹೇಳ್ತೀಯಾ? ಮೇಲಿನವರ ಸುದ್ದಿ ಬೇಡ, ನಿನ್ನ ಕೈಯದ್ದು ಮಾತ್ರ... ಯತಿನಾ? ... ಕೇಳ್ತಾ ಉಂಟಾ? ... ಕೆಲಸ ಹೋದ್ರೆ ಹೋಗ್ಲಿ, ನನ್ನ ಮನೆಗೆ ಬಾ. ನಿನಗೆ ಪೂರ್ತಿ ಸೌಟೇ ಬಡಿಸ್ತೇ... ಹಲೋ? ... ಹಲೋ?"

ಫೋನು ಕಟ್ಟಾಗಿತ್ತು.