ತಳದ ಚೀಟಿ

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ತೇರದಾಳದ ಬಸ್ಸಿಗೆ ಕಾಯುತ್ತ ಪಾರಿಸಪ್ಪ ಕಣ್ಣು ಮುಚ್ಚಿ ಕೂತಿದ್ದ. ಪಕ್ಕದಲ್ಲಿದ್ದ ಗಂಡ ಹೆಂಡತಿಯ ಜಗಳ ಅವನ ನಿದ್ದೆಗೆ ಕಲ್ಲು ಹಾಕಿತು.

“ಮತ್ತ ಆ ಹಳೇ ಬಾಲ್‌ಪೆನ್ನ ಕಿಸೇದಾಗ! ನಾ ಕೊಡಿಸಿದ್ದ ಜೆಲ್ ಪೆನ್ ಎಲ್ಲೈತ್ರಿ?”

“ಮನ್ಯಾಗೈತಿ. ಸಕ್ಕರಿ ಕಾರ್ಖಾನಿ ತೂಕದ ಕಾಟಾದಾಗ ಅದು ನಡಿಯೂದಿಲ್ಲ ಸರಿತಾ. ಕಬ್ಬಿನ ತೂಕದ ಚೀಟಿ ಕಾರ್ಬನ್ ಇಟ್ಟು ಬರೀಬೇಕು. ಜೆಲ್‌ಲೆ ಬರದ್ರ ಮ್ಯಾಲಿನ ಚೀಟಿ ಮುತ್ತಿನಂಗ, ತಳದ್ದು ಖಾಲಿ. ರೈತರಿಗೆ ಕೊಡೂದು ಆ ತಳದ್ದ. ನಿನ್ನಿ ಒಬ್ಬಾಂವ ನನ್ನ ಮಾರಿ ಮ್ಯಾಲ ಒಗದು ಹ್ವಾದ.”

“ಜೋರ್ ಒತ್ತಿ ಬರೀರಿ.”

“ಒತ್ತಿದ್ರ ಕಾಗದ ಹರೀತೈತಿ.”

“ಹಂಗಾರ ಅದರಾಗ ಬಾಲ್‌ಪೆನ್ ರಿಫಿಲ್ ಹಾಕ್ರಿ.”

“ಹಾಕಿ ನೋಡೀನಿ. ಗಿಡ್ಡ ಆಗತೈತಿ. ಹಿಂದ ಕಾಗದ ತುರುಕಿದ್ರೂ ಒಳಗ ಸರೀತೈತಿ. ಊರಾಗಿನ ಅಂಗಡಿ ಎಲ್ಲಾ ತಿರಗಿ ಸಾಕಾಗೇತಿ ನನಗ!”

“ಹಂಗಾರ ಮನ್ಯಾಗರ ಬರೀರಿ.”

“ಮನ್ಯಾಗ ಏನ್ ಬರೀಲಿ?”

ಜಮಖಂಡಿ ಬಸ್ಸು ಬಂದು ನಿಂತಿತು. ಪಾರಿಸಪ್ಪನ ಕಣ್ಣು ಈಗ ಪೂರ್ತಿ ತೆರೆದಿತ್ತು. ಸರಿತಾ ಚೀಲ ಎತ್ತಿಕೊಂಡಳು.

“ಮದಿವಿ ಆದಾಗಿಂದ ನನಗಂತ ಒಂದ್ ಸಾಲು ಬರದೀರೇನು? ಅದಕ್ಕ ಕಾರ್ಬನ್ ಬೇಕಾಗೂದಿಲ್ಲ.”

ಅಂದವಳೇ ಹಿಂದಿರುಗಿ ನೋಡದೆ ಬಸ್ಸು ಹತ್ತಿದಳು.